ಆರನೆಯ ಗಾರ್ಡ್

ಎಂಆರ್‌ಟಿ ರೈಲು ಹತ್ತಿದ ಕೂಡಲೇ ಉಳಿದವರು ಖಾಲಿ ಸೀಟು ಹುಡುಕಿದರೆ ನಾಗಮಣಿ ಎತ್ತರದ ಹುಡುಗಿಯರನ್ನು ಹುಡುಕುತ್ತಾಳೆ. ಐವತ್ತು ದಾಟಿದ ಹೆಂಗಸು, ಮಂಡಿನೋವು ಬೇರೆ, ಕೂರಲು ಜಾಗ ಸಿಕ್ಕರೆ ಸಾಕಪ್ಪಾ ಎನ್ನಬೇಕಾದ ವಯಸ್ಸು. ಆದರೆ ಶಾಲೆಯ ಯೂನಿಫಾರ್ಮ್ ತೊಟ್ಟ ಯಾವಳಾದರೂ ಮೇಲಿನ ಕಂಬಿಯನ್ನು ಸಲೀಸಾಗಿ ಹಿಡಿದು ನಿಂತಿದ್ದರೆ ಇವಳ ಕಣ್ಣು ಅಲ್ಲೇ ನೆಟ್ಟುಬಿಡುತ್ತದೆ. ಒಂದೆರಡು ಸಲ ಹುಡುಗಿಯರು ಇರಿಸುಮುರಿಸಾಗಿ ಬೇರೆ ಬಾಗಿಲ ಕಡೆ ಸರಿದದ್ದೂ ಉಂಟು. “ಯಾರಾದ್ರೂ ಪೊಲೀಸ್‌ಗೆ ಹಿಡ್ಕೊಟ್ಟಾರು, ಹುಷಾರು ಮಣಿ” ಎಂದು ಗಂಡ ದ್ವಾರಕನಾಥ್ ರೇಗಿಸುತ್ತಾನೆ. ಅವಳಿಗೆ ನಗಲೂ ಸುಸ್ತು.

ಅವಳ ಕೆಲಸವೇ ಅದು. ಸಿಂಗಪುರದ ಪೂರ್ವ ಭಾಗದ ಒಂದು ಜೂನಿಯರ್ ಕಾಲೇಜಿನಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ಕೋಚ್. ಜೂನಿಯರ್ ಕಾಲೇಜು ಎಂದರೆ ನಮ್ಮ ಕಡೆಯ ಪಿಯುಸಿ ಇದ್ದ ಹಾಗೆ, ಎರಡೇ ವರ್ಷ. ಹುಡುಗಿಯರು ಬರುತ್ತಾರೆ, ಒಬ್ಬರ ಕೈಗೆ ಇನ್ನೊಬ್ಬರ ಕೈ ಹೊಂದುವುದಕ್ಕೇ ಒಂದು ವರ್ಷ ಹಿಡಿಯುತ್ತದೆ, ಕಣ್ಸನ್ನೆಯಲ್ಲೇ ಆಡುವಷ್ಟು ಆದರು ಎನ್ನುವ ಹೊತ್ತಿಗೆ ಪರೀಕ್ಷೆ ಬಂದು ಗಂಟುಮೂಟೆ ಕಟ್ಟುತ್ತಾರೆ. ಪ್ರತಿ ವರ್ಷ ಅರ್ಧ ತಂಡ ಖಾಲಿ. ಹುಡುಕು, ತಿದ್ದು, ಕಳಿಸು, ಮತ್ತೆ ಹುಡುಕು. ಮೊದಮೊದಲು ಕಳಿಸಿಕೊಡುವಾಗ ಅಳು ಬರುತ್ತಿತ್ತು. ಈಗ ಹುಡುಗಿಯರು ತಬ್ಬಿಕೊಂಡು ಅಳುತ್ತಿರುವಾಗಲೇ ನಾಗಮಣಿಯ ತಲೆಯಲ್ಲಿ, ಇವಳ ಜಾಗಕ್ಕೆ ಇನ್ನು ಯಾರು ಎಂಬ ಯೋಚನೆ ಓಡುತ್ತಿರುತ್ತದೆ. ಹೀಗಾಗಿಬಿಟ್ಟೆನಲ್ಲ ಎಂದು ಅವಳಿಗೇ ತನ್ನ ಮೇಲೆ ಬೇಜಾರು.

ಹುಟ್ಟಿ ಬೆಳೆದದ್ದು ಮೈಸೂರಿನ ಸರಸ್ವತಿಪುರದಲ್ಲಿ. ಮನೆಯ ಹಿಂದಿನ ಬೀದಿಯಲ್ಲಿ ಸಿಮೆಂಟಿನ ಒಂದು ಬಾಸ್ಕೆಟ್‌ಬಾಲ್ ಕೋರ್ಟಿತ್ತು, ಅಲ್ಲಿಗೆ ಅಣ್ಣನ ಜೊತೆ ಹೋದವಳು ಅಣ್ಣ ಬಿಟ್ಟ ಮೇಲೂ ಹೋಗುತ್ತಲೇ ಇದ್ದಳು. ಐದಡಿ ಎರಡಿಂಚಿನ ಹುಡುಗಿಗೆ ಆ ಆಟದಲ್ಲಿ ಇರುವುದು ಒಂದೇ ಜಾಗ, ಗಾರ್ಡ್. ಚೆಂಡನ್ನು ತಟ್ಟಿಕೊಂಡು ತಂದು, ಯಾರಿಗೆ ಯಾವಾಗ ಕೊಡಬೇಕೋ ನೋಡಿ ಕೊಡುವವಳು. ಬುಟ್ಟಿಯ ಕೆಳಗೆ ನಿಂತು, ತಳ್ಳಾಟ ನೂಕಾಟ ತಡೆದುಕೊಂಡು, ಕೊಟ್ಟದ್ದನ್ನು ಒಳಗೆ ಹಾಕುವವಳು ಸೆಂಟರ್. ರಾಜ್ಯ ತಂಡದಲ್ಲಿ ಇವಳು ಗಾರ್ಡ್ ಆಗಿದ್ದಾಗ ಮಂಡ್ಯದ ಸೀತಾ ಎಂಬ ಆಳೆತ್ತರದ ಹುಡುಗಿ ಸೆಂಟರ್ ಆಗಿದ್ದಳು. ಗೆದ್ದಾಗ ಪೇಪರಿನಲ್ಲಿ ಸೀತಾಳ ಫೋಟೊ ಬರುತ್ತಿತ್ತು. ಫೋಟೊದ ಒಂದು ಮೂಲೆಯಲ್ಲಿ ನಾಗಮಣಿಯ ಮೊಣಕೈ ಇರುತ್ತಿತ್ತು. ಅಮ್ಮ ಆ ಮೊಣಕೈಯನ್ನೇ ಕತ್ತರಿಸಿ ಇಟ್ಟುಕೊಂಡಿದ್ದಳು. ನಾಗಮಣಿಗೆ ಅದರ ಬಗ್ಗೆ ಎಂದೂ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅವಳ ಕೋಚ್ ಒಂದು ಮಾತು ಹೇಳುತ್ತಿದ್ದರು, ಸೆಂಟರ್ ಚೆನ್ನಾಗಿ ಕಂಡಳು ಅಂದರೆ ಆವತ್ತು ಗಾರ್ಡ್ ಚೆನ್ನಾಗಿ ಆಡಿದಳು ಅಂತ ತಿಳಿ ಎಂದು. ಹೊಟ್ಟೆಕಿಚ್ಚಿಗೆ ಅಷ್ಟು ಔಷಧ ಸಾಕಾಗುತ್ತಿತ್ತು.

ಆಟದ ಮೇಲೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಮದುವೆಯಾಯಿತು. ದ್ವಾರಕನಾಥನಿಗೆ ಸಿಂಗಪುರದ ಸೆಲೆಟಾರಿನ ವಿಮಾನ ರಿಪೇರಿ ಕಂಪನಿಯಲ್ಲಿ ಕೆಲಸವಾದಾಗ ರೈಲ್ವೆ ಬಿಟ್ಟು ಅವನ ಹಿಂದೆ ಬಂದಳು. ಬೆಡೋಕ್ ಬಡಾವಣೆಯ ಹೊಸ ಮನೆಯಲ್ಲಿ ಹಗಲೆಲ್ಲ ಒಬ್ಬಳೇ ಕೂತು ಕೂತು ತಲೆ ಕೆಟ್ಟು, ಒಂದು ಸಂಜೆ ತಮ್ಮ ಅಪಾರ್ಟ್‌ಮೆಂಟ್ ಬ್ಲಾಕಿನ ಪಕ್ಕದ ಕೋರ್ಟಿಗೆ ಇಳಿದು ಅಲ್ಲಿ ಆಡುತ್ತಿದ್ದ ಮಕ್ಕಳಿಂದ ಚೆಂಡು ಕೇಳಿ ಪಡೆದಳು. ಚೂಡಿದಾರದ ಆಂಟಿ ಚೆಂಡು ತಟ್ಟುವುದನ್ನು ನೋಡಿ ಮಕ್ಕಳು ಬಾಯಿಬಿಟ್ಟವು. ಆ ಮಕ್ಕಳಲ್ಲಿ ಒಬ್ಬಳ ತಾಯಿ ಶಾಲೆಯೊಂದರಲ್ಲಿ ಟೀಚರ್. ಹಾಗೆ ಶುರುವಾದದ್ದು ಶಾಲೆಯಿಂದ ಶಾಲೆಗೆ ನಡೆದು ಈ ಕಾಲೇಜಿಗೆ ಬಂದು ನಿಂತಿತು. ಸ್ವಂತ ಮಕ್ಕಳಾಗಲಿಲ್ಲ. ಆ ವಿಷಯ ಗಂಡ ಹೆಂಡತಿ ಮಾತಾಡಿ ಮುಗಿಸಿ ಬಹಳ ಕಾಲವಾಯಿತು.

ಈಗಿನ ತೊಂದರೆ ಬೇರೆ. ಮುಂದಿನ ವರ್ಷಕ್ಕೆ ಉಳಿಯುವ ಹುಡುಗಿಯರಲ್ಲಿ ಐದು ಜನ ಗಾರ್ಡ್‌ಗಳು. ಎತ್ತರದವರಿಬ್ಬರೂ ಈ ವರ್ಷ ಕಾಲೇಜು ಮುಗಿಸಿ ಹೋಗುತ್ತಾರೆ. ಬುಟ್ಟಿಯ ಕೆಳಗೆ ನಿಲ್ಲಲು ಒಬ್ಬಳೂ ಇಲ್ಲ. ಇದಕ್ಕೆ ಬೇರೆ ಯಾರನ್ನೂ ಬಯ್ಯುವ ಹಾಗಿಲ್ಲ, ತಾನೇ ಮಾಡಿಕೊಂಡದ್ದು. ಆಯ್ಕೆಗೆಂದು ಹುಡುಗಿಯರು ಸಾಲಾಗಿ ನಿಂತರೆ ನಾಗಮಣಿಯ ಕಣ್ಣು ತಾನಾಗಿ ಹೋಗುವುದು ಚುರುಕು ಕೈಯ, ಗಿಡ್ಡನೆಯ, ಸ್ವಲ್ಪ ಮೊಂಡು ಮುಖದ ಹುಡುಗಿಯ ಕಡೆಗೇ. ವರ್ಷ ವರ್ಷ ಅಂಥವರನ್ನೇ ಆರಿಸುತ್ತಾ ಬಂದಳು. ಹೋದ ಸೀಸನ್ನಿನ ಕೊನೆಯ ಪಂದ್ಯದಲ್ಲಿ ಅದರ ಫಲ ಕಂಡಿತು. ಇದ್ದ ಸೆಂಟರುಗಳಲ್ಲಿ ಒಬ್ಬಳ ಕಾಲು ಉಳುಕಿತ್ತು, ಇನ್ನೊಬ್ಬಳು ಫೌಲುಗಳ ಲೆಕ್ಕ ಮೀರಿ ಹೊರಗೆ ಕೂತಳು. ಬುಟ್ಟಿಯ ಕೆಳಗೆ ಒಬ್ಬ ಪುಟ್ಟ ಗಾರ್ಡನ್ನು ನಿಲ್ಲಿಸಬೇಕಾಯಿತು. ಎದುರಾಳಿಗಳು ಅವಳ ತಲೆಯ ಮೇಲಿಂದಲೇ ಚೆಂಡು ಹಾಕಿಕೊಂಡು ಹೋದರು. ಪಂದ್ಯ ಮುಗಿದ ಮೇಲೆ ಆ ಮಗು, “ಸಾರಿ ಕೋಚ್, ಐ ಟ್ರೈಡ್ ಟು ಬಿ ಟಾಲ್” ಎಂದಿತು. ಆವತ್ತು ರಾತ್ರಿ ನಾಗಮಣಿ ಗಂಡನ ಮುಂದೆ ಇದನ್ನೆಲ್ಲ ಹೇಳಿಕೊಂಡಳು.

“ನಮ್ ಕಂಪನಿ ಸ್ಟೋರ್‌ನಲ್ಲಿ ಹಿಂಗೆ ಮಾಡಿದ್ರೆ ಕೆಲಸದಿಂದ ತೆಗೀತಾರೆ. ಮುಂದಿನ ಚಕ್ರ ಐದು ಸ್ಪೇರ್ ಇಟ್ಕೊಂಡಿದೀಯ, ಹಿಂದಿನ ಚಕ್ರ ಒಂದೂ ಇಲ್ಲ. ವಿಮಾನ ಇಳಿಯೋದು ಯಾವುದರ ಮೇಲೆ ಮಣಿ?” ಎಂದ ದ್ವಾರಕನಾಥ್.

“ಗೊತ್ತು ರೀ. ಗೊತ್ತಿರೋದನ್ನೇ ಹೇಳ್ಬೇಡಿ.”

ಇಲ್ಲಿ ಪರೀಕ್ಷೆಯ ಅಂಕ ಬರುವ ಮೊದಲೇ ಆಟದ ಮೇಲೆ ಕಾಲೇಜಿಗೆ ಸೇರಿಸಿಕೊಳ್ಳುವ ಒಂದು ದಾರಿ ಇದೆ. ಕೋಚ್ ಬೇಕೆಂದವರಿಗೆ ಕಾಲೇಜು ಸೀಟು ಕೊಡುತ್ತದೆ. ಈ ವರ್ಷ ಹುಡುಗಿಯರ ಬಾಸ್ಕೆಟ್‌ಬಾಲಿಗೆ ಸಿಕ್ಕಿದ್ದು ಒಂದೇ ಸೀಟು. ಉಳಿದವರೆಲ್ಲ ಅಂಕದ ಮೇಲೆ ಬರುವವರು, ಅವರಲ್ಲಿ ಎತ್ತರದವರು ಬಂದರೆ ಪುಣ್ಯ, ಬಾರದಿದ್ದರೆ ಇಲ್ಲ. ಎತ್ತರದ ಹುಡುಗಿಯರ ಮೇಲೆ ಎಲ್ಲಾ ಕಾಲೇಜಿನವರ ಕಣ್ಣೂ ಇರುತ್ತದೆ. ಹುಯಿ ಮಿನ್ ಎಂಬ ಒಬ್ಬಳ ಅಪ್ಪನನ್ನು ಬೆಡೋಕಿನ ಹಾಕರ್ ಸೆಂಟರಿನಲ್ಲಿ, ಎಂದರೆ ತಿಂಡಿ ಅಂಗಡಿಗಳ ಕಟ್ಟೆಯಲ್ಲಿ, ಕೂರಿಸಿ, ಟೀ ಕುಡಿಸಿ, ತಂಡದ ಬಗ್ಗೆ ಮಗಳ ಮದುವೆ ಮಾತುಕತೆಯಷ್ಟು ಮರ್ಯಾದೆಯಿಂದ ಹೇಳಿದಳು. ಆತನೂ ಅಷ್ಟೇ ಮರ್ಯಾದೆಯಿಂದ ಕೇಳಿ, ಮನೆಗೆ ಹತ್ತಿರದ ಇನ್ನೊಂದು ಕಾಲೇಜಿಗೆ ಮಾತು ಕೊಟ್ಟಾಗಿದೆ ಎಂದ. ಟೀ ದುಡ್ಡನ್ನು ಮಾತ್ರ ತಾನೇ ಕೊಡುತ್ತೇನೆಂದು ಹಟ ಹಿಡಿದ.

ಕೊನೆಗೆ ಸಿಕ್ಕವಳು ಐನ್. ಬಾಸ್ಕೆಟ್‌ಬಾಲ್ ಹುಡುಗಿಯಲ್ಲ, ನೆಟ್‌ಬಾಲ್ ಹುಡುಗಿ. ನೆಟ್‌ಬಾಲಿನಲ್ಲಿ ಬುಟ್ಟಿಗೆ ಚೆಂಡು ಹಾಕುವ ಜಾಗ ಅವಳದು. ಆದರೆ ಅವಳು ಬಯಸಿದ ಕಾಲೇಜಿನಲ್ಲಿ ಆ ಜಾಗಕ್ಕೆ ಆಗಲೇ ಮೂವರು ತುಂಬಿಕೊಂಡಿದ್ದರಿಂದ ಆ ಕೋಚ್ ಬೇಡವೆಂದಿದ್ದರು. ಆ ಕೋಚಿನ ಸಂಕಟ ಯಾವ ಥರದ್ದೆಂದು ನಾಗಮಣಿಗೆ ಚೆನ್ನಾಗಿ ಗೊತ್ತು. ಶಾಲೆಯ ಗೇಟಿನ ಹತ್ತಿರ ಐನ್‌ಳನ್ನು ಕರೆದೊಯ್ಯಲು ಬಂದ ತಾಯಿಯನ್ನು ನೋಡಿದಳು. ಹಳೆಯ ಅಭ್ಯಾಸ, ಹುಡುಗಿ ಇನ್ನೂ ಬೆಳೆಯುತ್ತಾಳೋ ಇಲ್ಲವೋ ಎಂದು ತಿಳಿಯಲು ತಾಯಿಯನ್ನು ಅಳೆಯುವುದು. ತಾಯಿ ಬಸ್ ಸ್ಟಾಪಿನ ಬೋರ್ಡಿಗೆ ತಲೆ ತಾಕೀತೆಂದು ಬಗ್ಗಿದಳು. ಆಯ್ಕೆಗೆ ಬಾ ಎಂದು ನಾಗಮಣಿ ಐನ್‌ಗೆ ಆಗಲೇ ಹೇಳಿಬಿಟ್ಟಳು.

ಇನ್ನು ವರ್ಣಿಕಾ.

ವರ್ಣಿಕಾ ಪಕ್ಕದ ಬ್ಲಾಕಿನ ಉಮಾಳ ಮಗಳು. ಉಮಾ ಬೆಂಗಳೂರಿನವಳು, ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿ. ಮಗು ಏಳು ವರ್ಷದ್ದಿದ್ದಾಗ, “ಮನೇಲಿ ಬರೀ ಐಪ್ಯಾಡ್ ಹಿಡ್ಕೊಂಡು ಕೂತಿರ್ತಾಳೆ, ನಿಮ್ ಜೊತೆ ಸ್ವಲ್ಪ ಓಡಾಡಿಸಿ” ಎಂದು ಕೋರ್ಟಿಗೆ ತಂದು ಬಿಟ್ಟಿದ್ದಳು. ಚೆಂಡು ಅವಳ ಹೊಟ್ಟೆಗಿಂತ ದಪ್ಪವಿತ್ತು. ಎರಡೇ ವಾರದಲ್ಲಿ ಮಗು ಚೆಂಡನ್ನು ನೋಡದೆ ತಟ್ಟುವುದು ಕಲಿಯಿತು. ಆವತ್ತಿನಿಂದ ಪ್ರತಿ ಶನಿವಾರ ಸಂಜೆ. ನಾಗಮಣಿಗೆ ಮೈಸೂರಿನ ತಂಗಿಯ ಮಕ್ಕಳ ಹುಟ್ಟುಹಬ್ಬ ಮರೆತರೂ ಶನಿವಾರ ಮರೆಯುತ್ತಿರಲಿಲ್ಲ. ಈ ಹುಡುಗಿಗೆ ಅವಳು ಗೊತ್ತಿದ್ದದ್ದನ್ನೆಲ್ಲ ಕೊಟ್ಟಳು. ನೆಲಕ್ಕೊಮ್ಮೆ ತಾಕಿಸಿ ಕೊಡುವ ಪಾಸು, ಬೇರೆಲ್ಲೋ ನೋಡುತ್ತಾ ಕೊಡುವ ಪಾಸು, ಓಪನ್ ಇದ್ದವಳಿಗೆ, ಎಂದರೆ ಎದುರಾಳಿ ಯಾರೂ ಅಡ್ಡವಿಲ್ಲದವಳಿಗೆ, ಕೊಡುವ ಪಾಸು, ಕೊಡುವ ಮೊದಲು ಪಡೆಯುವವಳಿಗೆ ಯಾವ ಕೈ ಸುಲಭ ಎಂದು ನೋಡಿ ಆ ಕೈಗೇ ಕೊಡುವ ಪಾಸು. ಈಗ ಹದಿನಾರು. ಎತ್ತರ, ನಾಗಮಣಿಯಷ್ಟೇ. ಕೈ, ನಾಗಮಣಿಗಿಂತ ಚೆನ್ನ.

ಹುಡುಗಿಗೆ ಬೇಕಾದದ್ದು ಒಂದೇ, ಆಂಟಿಯ ಕಾಲೇಜಿನಲ್ಲಿ ಆಂಟಿಯ ತಂಡಕ್ಕೆ ಆಡುವುದು. ಆದರೆ ಗಣಿತ ಅವಳಿಗೆ ಹತ್ತುವುದಿಲ್ಲ, ಅಂಕದ ಮೇಲೆ ಆ ಕಾಲೇಜಿಗೆ ಸೇರುವ ಆಸೆ ಅಷ್ಟಕ್ಕಷ್ಟೇ. ಆ ಒಂದು ಸೀಟು ಸಿಕ್ಕರೆ ಉಂಟು. ಉಮಾ ಮಾತ್ರ ಕಾಲ ಮೇಲೆ ಕಾಲು ಹಾಕಿಕೊಂಡಿದ್ದಳು. “ನಮಗೇನ್ರೀ ಟೆನ್ಷನ್, ಕೋಚೇ ನಮ್ಮವರು” ಎಂದು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾಗಮಣಿ ಬೇರೆ ಮಾತು ತೆಗೆಯುತ್ತಿದ್ದಳು. ಐವರು ಗಾರ್ಡ್‌ಗಳ ಮೇಲೆ ಆರನೆಯವಳು. ತನ್ನ ಕೈಯಾರೆ ಬೆಳೆಸಿದವಳೇ ಆ ಆರನೆಯವಳು.

ಆಯ್ಕೆಯ ದಿನ ತಂಡದ ಉಸ್ತುವಾರಿ ಮೇಷ್ಟ್ರು ಮಿಸ್ಟರ್ ಗೋ ಬಳಿ ಮೊದಲೇ ಹೇಳಿಬಿಟ್ಟಳು, ಈ ವರ್ಣಿಕಾ ತನಗೆ ಮನೆಯ ಮಗುವಿನ ಹಾಗೆ, ನಿಮ್ಮ ಕಣ್ಣಿಗೆ ಏನು ಕಾಣುತ್ತೋ ಅದನ್ನು ಹೇಳಿ ಎಂದು. ಆತ ಒಳ್ಳೆಯ ಮನುಷ್ಯ, ಆದರೆ ಅವನ ಪ್ರಶ್ನೆ ಯಾವಾಗಲೂ ನೇರ. “ಯಾರು ಚೆನ್ನಾಗಿದ್ದಾರೆ ಅಂತ ಬಿಡಿ ಕೋಚ್. ನಿಮಗೆ ಯಾರು ಬೇಕು?” ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾಗಮಣಿ ಸೀಟಿ ಊದಿದಳು. ಅವಳ ಮನಸ್ಸಿನಲ್ಲಿ ಒಂದು ಲೆಕ್ಕಾಚಾರವಿತ್ತು. ಐನ್ ಆಟಕ್ಕೆ ಬಾರದವಳು ಎಂದಾದರೆ, ಎತ್ತರದವರು ಯಾರೂ ಸಿಗಲಿಲ್ಲ ಎಂದಾಗುತ್ತದೆ. ಆಗ ಇದ್ದವರಲ್ಲಿ ಉತ್ತಮಳು ವರ್ಣಿಕಾ. ಯಾರೂ ತಪ್ಪು ಹೇಳಲಾರರು.

ಬಂದವರನ್ನು ಎರಡು ತಂಡ ಮಾಡಿ, ಐನ್‌ಳನ್ನೂ ವರ್ಣಿಕಾಳನ್ನೂ ಒಂದೇ ಕಡೆ ಹಾಕಿ ಆಡಿಸಿದ ಪಂದ್ಯದ ಮೊದಲ ಅರ್ಧ ಎಲ್ಲ ಹಾಗೆಯೇ ನಡೆಯಿತು. ಐನ್ ಪಾಪ, ನೆಟ್‌ಬಾಲನ್ನು ಮೈಯಲ್ಲೇ ಹೊತ್ತು ತಂದಿದ್ದಳು. ಅಲ್ಲಿ ಚೆಂಡು ತಟ್ಟಿಕೊಂಡು ಓಡುವ ಹಾಗಿಲ್ಲ, ಹಿಡಿದವಳು ನಿಂತಲ್ಲೇ ನಿಲ್ಲಬೇಕು. ಇಲ್ಲೂ ಹಿಡಿದವಳು ಕಂಬದ ಹಾಗೆ ನಿಂತುಬಿಡುತ್ತಿದ್ದಳು, ಅಷ್ಟರಲ್ಲಿ ಪುಟ್ಟ ಹುಡುಗಿಯರು ಬಂದು ಕಿತ್ತುಕೊಳ್ಳುತ್ತಿದ್ದರು. ಅಲ್ಲಿ ಎದುರಾಳಿಯಿಂದ ಮೂರಡಿ ದೂರ ನಿಂತು ತಡೆಯಬೇಕೆಂಬ ನಿಯಮ. ಇಲ್ಲೂ ಎದುರಿನವಳು ಚೆಂಡು ಎತ್ತಿದ ಕೂಡಲೇ ಐನ್ ಮರ್ಯಾದಸ್ಥಳಾಗಿ ಹಿಂದೆ ಸರಿದು, ಎರಡೂ ಕೈ ಮೇಲೆತ್ತಿ ನಿಂತು, ಅವಳು ಹಾಕುವುದನ್ನು ನೋಡುತ್ತಿದ್ದಳು. ಬೆಂಚಿನಲ್ಲಿ ಕೂತವರು ನಕ್ಕರು. ಐನ್‌ಳ ಕಿವಿ ಕೆಂಪಾಯಿತು. ಸ್ವಲ್ಪ ಹೊತ್ತಿಗೆ ಅವಳಿಗೆ ಯಾರೂ ಚೆಂಡು ಕೊಡುವುದನ್ನೇ ಬಿಟ್ಟರು. ಮಿಸ್ಟರ್ ಗೋ ನಿಟ್ಟುಸಿರು ಬಿಟ್ಟ. ನಾಗಮಣಿಗೆ ಒಂದು ಕಡೆ ಬೇಸರ, ಇನ್ನೊಂದು ಕಡೆ, ಹೇಳಲು ನಾಚಿಕೆ, ಹಗುರವೆನಿಸಿತು.

ನೀರು ಕುಡಿಯುವ ಬಿಡುವಿನಲ್ಲಿ ಅವಳು ನೋಡಿದಳು. ವರ್ಣಿಕಾ ಐನ್‌ಳನ್ನು ಬುಟ್ಟಿಯ ಕೆಳಗೆ ಕರೆದುಕೊಂಡು ಹೋಗಿ, ಕೈ ಮೇಲೆತ್ತಿ ಏನನ್ನೋ ಹೇಳುತ್ತಿದ್ದಳು. ಇಲ್ಲಿ ನಿಲ್ಲು, ಹೀಗೆ ತಿರುಗು, ಅಷ್ಟೇ ಎಂಬ ಸನ್ನೆ. ಐನ್ ತಲೆಯಾಡಿಸಿದಳು.

ಎರಡನೆಯ ಅರ್ಧದಲ್ಲಿ ವರ್ಣಿಕಾ ಎರಡು ಸಲ ಐನ್‌ಳ ಕಡೆ ನೋಡದೆಯೇ ಚೆಂಡನ್ನು ಮೇಲೆ ಹಾಕಿದಳು, ಬೇರೆ ಯಾರ ಕೈಗೂ ಎಟುಕದ ಎತ್ತರಕ್ಕೆ, ನೆಟ್‌ಬಾಲಿನವಳು ಹಿಡಿದು ಹಿಡಿದು ರೂಢಿಯಾದ ಎತ್ತರಕ್ಕೆ. ಐನ್ ಹಿಡಿದಳು, ಒಂದೇ ಕಾಲ ಮೇಲೆ ತಿರುಗಿದಳು, ಹಾಕಿದಳು. ತಟ್ಟುವ ಗೋಜಿಲ್ಲ, ಓಡುವ ಗೋಜಿಲ್ಲ. ನೆಟ್‌ಬಾಲಿನ ಬುಟ್ಟಿಗೆ ಹಿಂದೆ ಹಲಗೆಯೂ ಇರುವುದಿಲ್ಲ, ಅಂಥ ಬರಿಯ ಉಂಗುರಕ್ಕೆ ಹಾಕಿ ಪಳಗಿದ ಕೈ ಇಲ್ಲಿ ತಪ್ಪುವುದೆಂತು? ವರ್ಣಿಕಾ ಮತ್ತೆ ಕೊಟ್ಟಳು, ಐನ್ ಮತ್ತೆ ಹಾಕಿದಳು. “ಹಿಂದೆ ಹೋಗಬೇಡ, ಅಂಟಿಕೊಂಡು ನಿಲ್ಲು” ಎಂದು ವರ್ಣಿಕಾ ಇಂಗ್ಲಿಷಿನಲ್ಲಿ ಕೂಗುವುದು ಕೇಳಿಸಿತು. ಐನ್ ಅಂಟಿಕೊಂಡು ನಿಂತಳು. ಎದುರಿನ ಹುಡುಗಿಗೆ ಬುಟ್ಟಿಯೇ ಕಾಣದಾಯಿತು. ಬೆಂಚಿನಲ್ಲಿ ನಕ್ಕವರು ಈಗ ಚಪ್ಪಾಳೆ ತಟ್ಟಿದರು. ಮಿಸ್ಟರ್ ಗೋ ಎದ್ದು ನಿಂತ.

ಎಲ್ಲರೂ ಐನ್‌ಳನ್ನು ನೋಡುತ್ತಿದ್ದರು. ನಾಗಮಣಿ ಒಬ್ಬಳೇ ಚೆಂಡು ಎಲ್ಲಿಂದ ಬರುತ್ತಿದೆ ಎಂದು ನೋಡುತ್ತಿದ್ದಳು. ಬಾಯಲ್ಲಿ ಸೀಟಿ ಹಾಗೇ ಇತ್ತು, ಊದುವುದು ಮರೆತುಹೋಗಿತ್ತು. ಆ ಪಾಸು ಅವಳದೇ. ಸೀತಾಳಿಗೆ ಕೊಡುತ್ತಿದ್ದ ಪಾಸು. ಬೆಡೋಕಿನ ಕೋರ್ಟಿನಲ್ಲಿ ಶನಿವಾರ ಶನಿವಾರ ಈ ಹುಡುಗಿಗೆ ಕಲಿಸಿದ ಪಾಸು. ಬೇಡ ಕಣೇ, ನೀನೇ ಹಾಕು, ನೀನೇ ಹಾಕು ಎಂದು ಒಳಗೇ ಕೂಗಿಕೊಂಡಳು. ವರ್ಣಿಕಾ ಕೊಡುತ್ತಲೇ ಹೋದಳು.

“ಉತ್ತರ ಸಿಕ್ಕಿತಲ್ಲ ಕೋಚ್” ಎಂದ ಮಿಸ್ಟರ್ ಗೋ. ಸಿಕ್ಕಿತ್ತು. ಐದು ಗಾರ್ಡ್‌ಗಳಿಗೆ ಇಂಥ ಒಬ್ಬ ಸೆಂಟರ್ ಬೇಕೇ ಬೇಕು. ಆರನೆಯ ಗಾರ್ಡನ್ನು ತೆಗೆದುಕೊಂಡರೆ ಎರಡು ವರ್ಷ ಬೆಂಚಿನ ಕೊನೆಯಲ್ಲಿ ಕೂರಿಸಬೇಕು, ಕೋರ್ಟಿನಲ್ಲಿ ಮತ್ತೆ ಯಾವುದೋ ಪುಟ್ಟ ಹುಡುಗಿ ಎತ್ತರವಾಗಲು ಪ್ರಯತ್ನಿಸಿ ಸೋಲಬೇಕು. ನಾಗಮಣಿ ಐನ್‌ಳ ಹೆಸರು ಹೇಳಿದಳು. ಹೇಳಿ ಹೊರಗೆ ಬಂದು ಬಹಳ ಹೊತ್ತು ಚಪ್ಪಲಿ ಹಾಕಿಕೊಳ್ಳುತ್ತಾ ಕೂತಳು.

ಕಾಲೇಜಿನಿಂದ ತಿಳಿಸುವುದಕ್ಕೆ ಇನ್ನೂ ಸಮಯವಿತ್ತು. ಅದಕ್ಕೆ ಮೊದಲು ತಾನೇ ಹೋಗಿ ಹೇಳಬೇಕೆಂಬುದು ನಾಗಮಣಿಯ ನಿಶ್ಚಯ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ವರಮಹಾಲಕ್ಷ್ಮಿ ಹಬ್ಬ ಬಂತು. ಉಮಾ ಅರಿಶಿನ ಕುಂಕುಮಕ್ಕೆ ಕರೆದಳು. ಹೋಗದಿದ್ದರೆ ಹೇಗೆ, ಹೋದರೆ ಹೇಗೆ? ಹೋದಾಗಲೇ ಹೇಳಿಬಿಡುತ್ತೇನೆ, ಅಡಿಗೆಮನೆಗೆ ಕರೆದು ಮೆಲ್ಲಗೆ ಹೇಳುತ್ತೇನೆ ಎಂದು ಧೈರ್ಯ ತಂದುಕೊಂಡು, ರೇಷ್ಮೆ ಸೀರೆ ಉಟ್ಟು ಹೋದಳು.

ಮನೆ ತುಂಬ ಹೆಂಗಸರು. ಕಲಶಕ್ಕೆ ಸೀರೆ ಉಡಿಸಿ, ಮುಖವಾಡ ಇಟ್ಟು, ಸಾಲದ್ದಕ್ಕೆ ಪುಟ್ಟ ಪುಟ್ಟ ಎಲೆಕ್ಟ್ರಿಕ್ ದೀಪಗಳನ್ನು ಇಳಿಬಿಟ್ಟಿದ್ದರು. “ಇವ್ರೇ ನಮ್ ವರ್ಣಿಕಾ ಕಾಲೇಜ್ ಕೋಚ್” ಎಂದು ಉಮಾ ಬಾಗಿಲಲ್ಲೇ ಪರಿಚಯಿಸಿದಳು. ಕಾಲೇಜ್ ಕೋಚ್. ಆಗಲೇ ಕಾಲೇಜು ಅವಳದಾಗಿಬಿಟ್ಟಿತ್ತು. ಪರಿಚಯವಿಲ್ಲದ ಒಬ್ಬಾಕೆ, “ಸೀಟ್ ಕನ್ಫರ್ಮ್ ಆಯ್ತಾ ಆಂಟಿ?” ಎಂದು ಕೇಳಿಯೇಬಿಟ್ಟಳು.

ನಾಗಮಣಿ ಉಮಾಳನ್ನು ಅಡಿಗೆಮನೆಗೆ ಎಳೆದುಕೊಂಡು ಹೋದಳು. “ಉಮಾ, ಒಂದ್ ಮಾತು ಹೇಳ್ಬೇಕಿತ್ತು. ಸೀಟಿನ ವಿಷಯ...”

“ಅಯ್ಯೋ, ಈಗ್ಲೇ ಬೇಡ ನಾಗಮಣಿಯವ್ರೇ. ಇವತ್ತು ಶುಕ್ರವಾರ, ಹಬ್ಬ. ದೇವಿ ಮುಂದೆ ಕೂತ್ಕೊಳಿ ಮೊದ್ಲು.” ಉಮಾಳ ಕಣ್ಣಲ್ಲಿ ನೀರಾಡಿತು. “ನಾವಿಬ್ರೂ ಆಫೀಸ್ ಆಫೀಸ್ ಅಂತ ಓಡಾಡ್ಕೊಂಡಿದ್ವಿ. ಅವಳನ್ನ ಬೆಳೆಸಿದ್ದು ನೀವು. ಅಷ್ಟು ನಂಗ್ ಗೊತ್ತಿಲ್ವಾ?”

ಹಣೆಗೆ ಕುಂಕುಮ ಇಟ್ಟಳು. ಸೆರಗು ಒಡ್ಡಿಸಿ ಮಡಿಲಿಗೆ ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು, ರವಿಕೆ ಕಣ ಹಾಕಿದಳು. ಕಾಲಿಗೂ ನಮಸ್ಕಾರ ಮಾಡಿದಳು. ಹಬ್ಬದ ಮನೆಯಲ್ಲಿ, ಕಲಶದ ಎದುರು, ಮಡಿಲು ತುಂಬಿಸಿಕೊಂಡು ಕೂತವಳ ಬಾಯಿಂದ ‘ಇಲ್ಲ’ ಎಂಬ ಮಾತು ಹೇಗೆ ಬಂದೀತು? ನಾಗಮಣಿ ಹುಟ್ಟಿದಾಗಿನಿಂದ ಹಾಗೆ ಬೆಳೆದವಳಲ್ಲ. ಬಡಿಸಿದ ಒಬ್ಬಟ್ಟು ತಿಂದಳು. ತಾಂಬೂಲ ತೆಗೆದುಕೊಂಡದ್ದನ್ನೇ ಉಮಾ ಉತ್ತರವೆಂದುಕೊಂಡಳು. ಅವಳನ್ನೇನು ಬಯ್ಯುವುದು, ಯಾರಾದರೂ ಹಾಗೇ ಅಂದುಕೊಂಡಾರು.

ಲಂಗ ದಾವಣಿ ಉಟ್ಟು ಎಲ್ಲರಿಗೂ ಪಾನಕ ಕೊಡುತ್ತಿದ್ದ ವರ್ಣಿಕಾ ನಾಗಮಣಿಯ ಮುಂದೆ ಬಂದಾಗ ಒಂದು ಗಳಿಗೆ ನಿಂತಳು. ಮುಖ ನೋಡಿದಳು. ಒಂಬತ್ತು ವರ್ಷ ಕಣ್ಸನ್ನೆ ಕಲಿತ ಹುಡುಗಿ.

“ನಾಳೆ ಕೋರ್ಟ್‌ಗೆ ಬರ್ತೀರಲ್ವಾ ಆಂಟಿ?” ಎಂದಳು ಮೆಲ್ಲಗೆ.

“ಬರ್ತೀನಿ.”

ಮನೆಗೆ ಬಂದಾಗ ದ್ವಾರಕನಾಥ್ ಅವಳ ಮಡಿಲನ್ನೂ ಮುಖವನ್ನೂ ನೋಡಿದ. “ಹೇಳಿದ್ಯಾ?”

“ಇಲ್ಲ.”

“ಈ ಕಾಯಿ ಚಟ್ನಿಗೆ ಹಾಕ್ಬಹುದಾ, ವಾಪಸ್ ಕೊಡ್ಬೇಕಾ?” ಎಂದು ಅಭ್ಯಾಸಬಲದಿಂದ ತಮಾಷೆ ಮಾಡಿದವನು ಅವಳು ಕೂತ ಭಂಗಿ ನೋಡಿ ಒಳಗೆ ಹೋಗಿ ಮಂಡಿಗೆ ಹಚ್ಚುವ ಎಣ್ಣೆ ತಂದ. “ಬಿಡು ಮಣಿ. ಈ ವರ್ಷ ಮುಗಿದ್ಮೇಲೆ ಬಿಟ್ಬಿಡು ಇದನ್ನ. ಸಾಕು.”

ಪ್ರತಿ ವರ್ಷವೂ ಅವನು ಹೇಳುತ್ತಿದ್ದ, ಪ್ರತಿ ವರ್ಷವೂ ಅವಳು ಹೂಂ ಎನ್ನುತ್ತಿದ್ದಳು. ಈ ಸಲ ಹೂಂ ಎನ್ನುವಾಗ ನಿಜವಾಗಿಯೂ ಸಾಕು ಎನಿಸಿತ್ತು. ಆಟ ಸಾಕಾಗಿರಲಿಲ್ಲ. ಆರಿಸುವುದು ಸಾಕಾಗಿತ್ತು. ಒಬ್ಬಳನ್ನು ಬಾ ಎನ್ನುವಾಗಲೆಲ್ಲ ಇನ್ನೊಬ್ಬಳಿಗೆ ಹೋಗು ಎನ್ನುವುದು ಸಾಕಾಗಿತ್ತು.

ಶನಿವಾರ ಸಂಜೆ ಕೋರ್ಟಿನಲ್ಲಿ ವರ್ಣಿಕಾ ಒಬ್ಬಳೇ ಇದ್ದಳು. ಮಳೆ ಬಂದು ನಿಂತು ನೆಲ ಇನ್ನೂ ಒದ್ದೆಯಿತ್ತು. ಚೆಂಡು ತಟ್ಟಿದಾಗಲೆಲ್ಲ ನೀರು ಸಿಡಿಯುತ್ತಿತ್ತು. ನಾಗಮಣಿ ಕಲ್ಲುಬೆಂಚಿನ ಮೇಲೆ ಕೂತು, ಸುತ್ತುಬಳಸಿ ಏನೂ ಹೇಳದೆ, “ಸೀಟು ಐನ್‌ಗೆ ಹೋಯ್ತು ಕಣಮ್ಮ” ಎಂದಳು. ಇಷ್ಟು ದಿನ ಬಾಯಿಗೆ ಬಾರದ್ದು ಹೀಗೆ ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ವರ್ಣಿಕಾ ಚೆಂಡನ್ನು ಎರಡು ಸಲ ತಟ್ಟಿ ಹಿಡಿದುಕೊಂಡಳು. “ಐ ನೋ, ಆಂಟಿ. ನಿನ್ನೆ ನಿಮ್ ಫೇಸ್ ನೋಡ್ದಾಗ್ಲೇ ಗೊತ್ತಾಯ್ತು.”

“ನಿನಗಿಂತ ಅವಳು ಚೆನ್ನಾಗಾಡ್ತಾಳೆ ಅಂತ ಅಲ್ಲ...”

“ಫೈವ್ ಗಾರ್ಡ್ಸ್ ಇದಾರೆ. ನಂಗೂ ಕೌಂಟ್ ಮಾಡಕ್ಕೆ ಬರತ್ತೆ. ಮ್ಯಾತ್ಸ್ ಅಷ್ಟೇನ್ ಕೆಟ್ಟದಾಗಿಲ್ಲ ಲಾ.”

ನಗಿಸಲು, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ ‘ಲಾ’ ಸೇರಿಸಿ ಹೇಳಿದ ಮಾತು. ಹುಡುಗಿ ಬೆನ್ನು ತಿರುಗಿಸಿ ಬುಟ್ಟಿಯ ಕಡೆ ನೋಡುತ್ತಾ ನಿಂತಳು. ಹೆಗಲು ಅಲುಗುವುದು ಕಂಡರೂ ನಾಗಮಣಿ ಏಳಲಿಲ್ಲ. ಹತ್ತಿರ ಹೋಗಿ ಸಮಾಧಾನ ಮಾಡುವ ಹಕ್ಕು ತನಗಿದೆಯೇ ಎಂದು ಅವಳಿಗೆ ತಿಳಿಯಲಿಲ್ಲ. ಮೇಲಿನ ಯಾವುದೋ ಮನೆಯವರು ಬಿದಿರ ಕೋಲಿಗೆ ಬಟ್ಟೆ ಹಾಕಿ ಒಣಗಲೆಂದು ಮತ್ತೆ ಕಿಟಕಿಯ ಹೊರಗೆ ಚಾಚುತ್ತಿದ್ದರು.

ವರ್ಣಿಕಾ ಕಣ್ಣೊರೆಸಿಕೊಂಡು ತಿರುಗಿದಳು. “ಆಂಟಿ, ಒಂದು ಕೇಳ್ಲಾ? ಹಾನೆಸ್ಟ್ ಆಗಿ ಹೇಳ್ಬೇಕು.”

“ಕೇಳು.”

“ಅವತ್ತು ನಾನು ಐನ್‌ಗೆ ಪಾಸ್ ಮಾಡ್ದೇ ಇದ್ದಿದ್ರೆ, ಆ ಸೀಟು ನಂಗೆ ಸಿಗ್ತಿತ್ತಾ?”

ಇಲ್ಲ, ಆಗಲೂ ಸಿಗುತ್ತಿರಲಿಲ್ಲ ಎಂದರೆ ಮುಗಿಯುತ್ತಿತ್ತು. ಹುಡುಗಿ ಹಗುರವಾಗಿ ಮನೆಗೆ ಹೋಗುತ್ತಿದ್ದಳು, ತಾನೂ ಹಗುರವಾಗುತ್ತಿದ್ದಳು. ಆ ಸುಳ್ಳು ನಾಗಮಣಿಯ ನಾಲಿಗೆಯ ತುದಿಗೂ ಬಂತು. ಆದರೆ ಈ ಹುಡುಗಿಯ ಆಟದ ಬಗ್ಗೆ ಅವಳು ಎಂದೂ ಸುಳ್ಳು ಹೇಳಿರಲಿಲ್ಲ. ಕೆಟ್ಟ ಪಾಸನ್ನು ಕೆಟ್ಟದೆಂದೇ ಹೇಳಿದ್ದಳು, ಮಗು ಅತ್ತರೂ.

“ಸಿಗ್ತಿತ್ತು” ಎಂದಳು.

ವರ್ಣಿಕಾ ತಲೆಯಾಡಿಸಿದಳು. “ನಂಗೂ ಹಂಗೇ ಅನ್ಸಿತ್ತು. ವಾಟರ್ ಬ್ರೇಕಲ್ಲಿ.”

“ಗೊತ್ತಿತ್ತಾ? ಗೊತ್ತಿದ್ದೂ ಯಾಕೆ ಕೊಟ್ಟೆ ಮತ್ತೆ? ನೀನೇ ಹಾಕ್ಬಹುದಿತ್ತಲ್ಲೇ!” ನಾಗಮಣಿಗೆ ಸಿಟ್ಟೇ ಬಂದಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ.

ಇದೇನು ಪ್ರಶ್ನೆ ಎಂಬಂತೆ ಹುಡುಗಿ ಅವಳನ್ನು ನೋಡಿದಳು. “ಅವಳು ಓಪನ್ ಇದ್ಳಲ್ಲ, ಆಂಟಿ.”

ನಾಗಮಣಿಗೆ ಅಳು ಬಂತು. ಈ ವಯಸ್ಸಿನಲ್ಲಿ, ಬ್ಲಾಕಿನವರೆಲ್ಲ ಓಡಾಡುವ ಜಾಗದಲ್ಲಿ, ಸೆರಗೂ ಇಲ್ಲದ ಟ್ರ್ಯಾಕ್ ಸೂಟಿನಲ್ಲಿ ಕೂತು, ತೋಳಿನಿಂದ ಮೂಗು ಒರೆಸಿಕೊಳ್ಳುತ್ತಾ ಅತ್ತಳು.

“ಅಯ್ಯೋ, ಅಳ್ಬೇಡಿ ಲಾ. ನಂಗೂ ಬರತ್ತೆ ಮತ್ತೆ.” ವರ್ಣಿಕಾ ಬಂದು ಚೆಂಡನ್ನು ಅವಳ ಮಡಿಲಲ್ಲಿಟ್ಟಳು, ಹಿಂದಿನ ದಿನ ಅಮ್ಮ ತೆಂಗಿನಕಾಯಿ ಇಟ್ಟಲ್ಲಿ. “ಅಮ್ಮಂಗೆ ನಾನೇ ಹೇಳ್ತೀನಿ. ನೀವು ಒಂದೆರಡು ವಾರ ಮನೆ ಕಡೆ ಬರ್ಬೇಡಿ. ಅಮ್ಮ ಏನೇನೋ ಅಂದ್ಬಿಡ್ತಾಳೆ, ಆಮೇಲೆ ಅವಳೇ ಫೀಲ್ ಮಾಡ್ಕೋತಾಳೆ.”

“ನೀನು ಎಲ್ಲಿಗ್ ಹೋಗ್ತೀಯ?”

“ಪಾಲಿಟೆಕ್ನಿಕ್ ಟ್ರಯಲ್ಸ್ ಇದೆ. ಅಲ್ಲಿ ಇಬ್ರೇ ಗಾರ್ಡ್ಸ್ ಅಂತೆ. ಕೇಳ್ಕೊಂಡೆ.”

ಹೊರಟವಳು ಲಿಫ್ಟಿನ ಹತ್ತಿರ ನಿಂತು ಕೂಗಿದಳು. “ಆಂಟಿ, ಐನ್‌ಗೆ ಮೇಲ್ಗಡೆ ಕೊಡಕ್ಕೆ ನಿಮ್ ಗಾರ್ಡ್ಸ್‌ಗೆ ಹೇಳ್ಕೊಡಿ. ಕೆಳಗಡೆ ಕೊಟ್ರೆ ಬಿಟ್ಬಿಡ್ತಾಳೆ.” ಲಿಫ್ಟಿನ ಬಾಗಿಲು ಮುಚ್ಚಿತು.

ನಾಗಮಣಿ ಮಡಿಲಲ್ಲಿ ಒದ್ದೆ ಚೆಂಡು ಇಟ್ಟುಕೊಂಡು ಅಲ್ಲೇ ಕೂತಳು. ಸೋಮವಾರ ಐವರು ಗಾರ್ಡ್‌ಗಳನ್ನು ನಿಲ್ಲಿಸಿ ಆ ಪಾಸು ಕಲಿಸಬೇಕು. ಐವರಲ್ಲಿ ಯಾರಿಗೂ ಅದು ಬರುವುದಿಲ್ಲ. ಬರುತ್ತಿದ್ದವಳೊಬ್ಬಳನ್ನು ಈಗಷ್ಟೇ ಕಳಿಸಿಕೊಟ್ಟಾಗಿತ್ತು.